ಹಳೆಯ ವಾಲ್ವಿನ ನೀಲಿ ಬಟ್ಟೆ

ನಮ್ಮಪ್ಪ ಮನೆಯಲ್ಲಿ ಫ್ಯಾನ್ ಹಾಕುವ ಮೊದಲೂ ಒಂದು ಪ್ರಶ್ನೆ ಕೇಳುತ್ತಾರೆ. "ಕೈ ಆಚೆ ಇದೆಯಾ?" ಫ್ಯಾನು ಮೇಲೆ ಚಾವಣಿಯಲ್ಲಿದೆ, ನಾವು ಕೆಳಗೆ ಕುರ್ಚಿಯಲ್ಲಿ ಕೂತಿರುತ್ತೇವೆ. ಅದಕ್ಕೆ ಕೈ ತಾಗಬೇಕೆಂದರೆ ಏಣಿ ತರಬೇಕು. ಆದರೂ ಯಾರಾದರೊಬ್ಬರು "ಆಚೆ ಇದೆ" ಎನ್ನುವ ತನಕ ಅಪ್ಪನ ಬೆರಳು ಸ್ವಿಚ್ಚಿನ ಮೇಲೆ ನಿಂತಿರುತ್ತದೆಯೇ ಹೊರತು ಒತ್ತುವುದಿಲ್ಲ. ಮಿಕ್ಸಿಗೂ ಇದೇ, ನಲ್ಲಿಗೂ ಇದೇ, ನನ್ನ ಹೊಲಿಗೆ ಮೆಷಿನ್ನಿನ ಮೋಟಾರಿಗೂ ಇದೇ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಈ ಪ್ರಶ್ನೆಗೆ ಎರಡೂ ಕೈ ಮೇಲೆತ್ತಿ ತೋರಿಸಿದ್ದರು, ಪೊಲೀಸರಿಗೆ ಸಿಕ್ಕಿಬಿದ್ದವರ ಹಾಗೆ. ಈಗ ಅವರಿಗೂ ಅಭ್ಯಾಸವಾಗಿದೆ, ನಿದ್ದೆಗಣ್ಣಲ್ಲೂ "ಆಚೆ ಇದೆ" ಎನ್ನುತ್ತಾರೆ.

ಅಪ್ಪ ಊರಿನ ದೊಡ್ಡ ಆಸ್ಪತ್ರೆಯ ಬಾಯ್ಲರ್ ಮನೆಯಲ್ಲಿ ದುಡಿದವರು. ಆಸ್ಪತ್ರೆ ಎಂದರೆ ಬೇರೆಯವರಿಗೆ ಡಾಕ್ಟರು, ನರ್ಸು, ಔಷಧಿಯ ವಾಸನೆ. ಅಪ್ಪನಿಗೆ ಅದು ಹಬೆಯ ಮೇಲೆ ನಡೆಯುವ ಒಂದು ದೊಡ್ಡ ಸಂಸಾರ. ಅಡುಗೆಮನೆಯ ಹಂಡೆಗಳು ಕುದಿಯಲು ಹಬೆ ಬೇಕು, ಆಪರೇಷನ್ನಿನ ಕತ್ತರಿ ಚಿಮ್ಮಟಗಳು ಶುದ್ಧವಾಗಲು ಹಬೆ ಬೇಕು, ಲಾಂಡ್ರಿಯಲ್ಲಿ ಹೊದಿಕೆಗಳ ರಾಶಿ ಒಗೆದು ಒಣಗಲು ಅದೂ ಹಬೆಯೇ. ಹಿತ್ತಿಲ ಮೂಲೆಯ ಮಸಿ ಹಿಡಿದ ಕೋಣೆಯಲ್ಲಿ ಕೂತು ಇಷ್ಟೆಲ್ಲ ನಡೆಸುವವನು ತಾನು ಎಂಬ ಠೀವಿ ಅವರಿಗೆ ಚೆನ್ನಾಗಿಯೇ ಇತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಹಬೆಯಣ್ಣ ಎನ್ನುತ್ತಿದ್ದರು. ನಿಜವಾದ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದರು ಎಂದುಕೊಂಡು ತಿರುಗಿಯೂ ನೋಡುತ್ತಿರಲಿಲ್ಲ.

ಅವರನ್ನು ಆ ಕೆಲಸಕ್ಕೆ ಹಚ್ಚಿದವರು ಅವರ ಭಾವ, ಅಂದರೆ ನನ್ನ ಅತ್ತೆಯ ಗಂಡ. ನಾನು ಮಾವ ಎನ್ನುತ್ತಿದ್ದೆ. ಅತ್ತೆ ಅಪ್ಪನ ಅಕ್ಕ. ಅಜ್ಜಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಮಾವ ಅದೇ ಆಸ್ಪತ್ರೆಯಲ್ಲಿ ಪೈಪ್ ಫಿಟ್ಟರ್ ಆಗಿದ್ದರು. ಬಾಯ್ಲರಿನಿಂದ ಹೊರಟ ಹಬೆ ಎಲ್ಲಿ ಸೋರಿದರೂ ಹೋಗಿ ಜೋಡಣೆ ಬಿಚ್ಚಿ, ನಡುವಿನ ಗ್ಯಾಸ್ಕೆಟ್ ಬಿಲ್ಲೆ ಬದಲಿಸಿ, ಮತ್ತೆ ಬಿಗಿಯುವುದು ಅವರ ಕೆಲಸ. ಒಬ್ಬರು ಹಬೆ ಬಿಡುವವರು, ಇನ್ನೊಬ್ಬರು ಹಬೆಯ ದಾರಿಯಲ್ಲಿ ಕೈ ಇಡುವವರು. ಇವರಿಬ್ಬರ ನಡುವೆ ಹೊಂದಾಣಿಕೆ ತಪ್ಪಿದರೆ ಬೆಂದುಹೋಗುವುದು ಮಾವನ ಕೈಯೇ.

ಅದಕ್ಕೇ ಆ ಬಾಯ್ಲರ್ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಯಾವುದಾದರೂ ಪೈಪು ಬಿಚ್ಚಬೇಕಾದ ಫಿಟ್ಟರ್ ಮೊದಲು ಅದರ ವಾಲ್ವ್ ಮುಚ್ಚಿ, ಚಕ್ರಕ್ಕೆ ತನ್ನ ಬಣ್ಣದ ಬಟ್ಟೆಯ ಪಟ್ಟಿ ಕಟ್ಟಬೇಕು. ಬಟ್ಟೆ ಕಂಡರೆ ಈ ದಾರಿಯಲ್ಲಿ ಒಬ್ಬರ ಕೈ ಇದೆ ಎಂದರ್ಥ. ಆಮೇಲೆ ಆಸ್ಪತ್ರೆಯ ದೊಡ್ಡ ಸಾಹೇಬರೇ ಬಂದು ನಿಂತರೂ ಆ ಚಕ್ರವನ್ನು ಮುಟ್ಟುವಂತಿಲ್ಲ. ಕಟ್ಟಿದವನೇ ಬಂದು ಬಿಚ್ಚಬೇಕು. ಬಿಚ್ಚುವಾಗ ಬಾಯ್ಲರಿನವನು "ಕೈ ಆಚೆ ಇದೆಯಾ?" ಎಂದು ಕೇಳಬೇಕು, ಫಿಟ್ಟರ್ "ಆಚೆ ಇದೆ" ಎನ್ನಬೇಕು, ಅನಂತರವೇ ಹಬೆ. ಮಾವನ ಬಣ್ಣ ನೀಲಿ. ಹಳೆಯ ನೀಲಿ ಪರದೆಯೊಂದನ್ನು ಅತ್ತೆ ಪಟ್ಟಿಗಳಾಗಿ ಕತ್ತರಿಸಿ, ನೂಲು ಬಿಡದ ಹಾಗೆ ಅಂಚು ಹೊಲಿದುಕೊಡುತ್ತಿದ್ದಳು. ಎಣ್ಣೆ ಮಸಿ ಹತ್ತಿ ಹಾಳಾಗುವ ಪಟ್ಟಿಗೆ ಅಷ್ಟೊಂದು ಚಂದದ ಹೊಲಿಗೆ ಯಾಕೆ ಎಂದು ಕೇಳಿದರೆ, ಅದು ನಿಮ್ಮ ಮಾವನ ಕೈ ಕಾಯುವ ಬಟ್ಟೆ, ಹೇಗೆಂದರೆ ಹಾಗೆ ಹೊಲಿಯಲಾಗುವುದಿಲ್ಲ ಎನ್ನುತ್ತಿದ್ದಳು. ನಾನು ಸೂಜಿ ಹಿಡಿಯಲು ಕಲಿತದ್ದು ಅವಳ ಪಕ್ಕ ಕೂತು, ಆ ಪಟ್ಟಿಗಳ ಮೇಲೆಯೇ.

ಹೀಗಿದ್ದ ಎರಡು ಮನೆಗಳು ಒಂದು ಬೆಳಗ್ಗೆ ಮುರಿದುಬಿದ್ದವು.

ಲಾಂಡ್ರಿಯ ಪೈಪಿನ ಜೋಡಣೆ ಬಿಚ್ಚಿ ಕೈ ಒಳಗಿಟ್ಟಿದ್ದ ಹೊತ್ತಿಗೆ ಹಬೆ ಬಂದು ಮಾವನ ಬಲಗೈ ಬೆಂದುಹೋಯಿತು. ಹಬೆ ಬಿಟ್ಟವರು ಅಪ್ಪ. ಸುದ್ದಿ ತಿಳಿದು ಅಪ್ಪ ವಾರ್ಡಿಗೆ ಓಡಿದರು. ಮಾವ ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಹೇಳಿದ್ದು ಒಂದೇ ಮಾತು: ಕಟ್ಟಿದ್ದೆ. ಅಪ್ಪ ಹೇಳಿದ್ದೂ ಒಂದೇ: ಬಟ್ಟೆ ಇರಲಿಲ್ಲ. ಮಂಚದ ಪಕ್ಕ ನಿಂತಿದ್ದ ಅತ್ತೆ ತಮ್ಮನ ಮುಖ ನೋಡಿ, "ಹಾಗಾದ್ರೆ ಇವರು ಸುಳ್ಳು ಹೇಳ್ತಿದಾರಾ?" ಎಂದು ಕೇಳಿದಳು. ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಆ ಮೌನವನ್ನೇ ಅವಳು ಉತ್ತರ ಎಂದು ತಿಳಿದಳು, ತಿಳಿದದ್ದು ತಪ್ಪೂ ಅಲ್ಲ. ಅಂದಿನಿಂದ ಅವರ ಮನೆ ಬಾಗಿಲು ನಮಗೆ ಮುಚ್ಚಿತು.

ಮಾವ ಅಪ್ಪನನ್ನು, ಬಟ್ಟೆ ಬಿಚ್ಚಿ ಬಚ್ಚಿಟ್ಟ ಕಳ್ಳ ಎಂದುಕೊಂಡರು. ಅಪ್ಪ ಮಾವನನ್ನು, ಬಟ್ಟೆ ಕಟ್ಟಲು ಮರೆತು ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳಿದವರು ಎಂದುಕೊಂಡರು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮುದುಡಿದ ಕೈ ಇಟ್ಟುಕೊಂಡು ಮಾವ ಸ್ಟೋರಿನ ಕಿಟಕಿಯಲ್ಲಿ ಕೂತು ಉಳಿದ ಸರ್ವೀಸು ಮುಗಿಸಿದರು. ಬಾಯ್ಲರ್ ಮನೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ನನ್ನ ಅಮ್ಮ ತೀರಿಕೊಂಡಾಗ ಅತ್ತೆ ಬಂದು ರಸ್ತೆಯಲ್ಲೇ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗೆ ಬಾರದೆ ಹೋದಳು. ನಾನು ಅದನ್ನು ಕಿಟಕಿಯಿಂದ ನೋಡಿದೆ. ಇಬ್ಬರು ಗಂಡಸರ ಹಟಕ್ಕೆ ನನ್ನ ಅತ್ತೆಯನ್ನು ಯಾಕೆ ಕಳೆದುಕೊಳ್ಳಬೇಕಿತ್ತು ಎಂದು ನನಗೆ ಅವತ್ತೂ ಸಿಟ್ಟು ಬಂದಿತ್ತು, ಇವತ್ತಿಗೂ ಆ ಸಿಟ್ಟು ಪೂರ್ತಿ ಇಳಿದಿಲ್ಲ.

ಆಸ್ಪತ್ರೆ ಊರಾಚೆಯ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯದಕ್ಕೆ ಬೀಗ ಬಿತ್ತು. ಅಪ್ಪ ನಿವೃತ್ತರಾಗಿ ಮನೆಯ ಸ್ವಿಚ್ಚುಗಳನ್ನು ಆಳತೊಡಗಿದರು. ಹಾಗಿರುವಾಗ ನಾವು ಅಡುಗೆಮನೆ ರಿಪೇರಿ ಮಾಡಿಸಿ, ದೀಪದ ಸ್ವಿಚ್ಚನ್ನು ಬಾಗಿಲ ಎಡದಿಂದ ಬಲಕ್ಕೆ ತಂದೆವು. ಅಪ್ಪನಿಗೆ ಹೇಳಿದ್ದೆವು, ಕರೆದು ತೋರಿಸಿಯೂ ಇದ್ದೆವು. ಆದರೂ ದಿನಾ ಅವರ ಕೈ ಹಳೆಯ ಕಡೆಗೇ ಹೋಗಿ ಬೋಳು ಗೋಡೆಯನ್ನು ತಡಕಾಡುತ್ತಿತ್ತು. ನಾನು ನಗುತ್ತಿದ್ದೆ. ಒಂದು ದಿನ ಹಾಗೆ ತಡಕುತ್ತಿದ್ದವರು ಗೋಡೆಯ ಮೇಲೆ ಕೈ ಇಟ್ಟ ಹಾಗೇ ಕಲ್ಲಿನಂತೆ ನಿಂತುಬಿಟ್ಟರು. ಎದೆನೋವೇನೋ ಎಂದು ನಾನು ಓಡಿಬಂದರೆ, "ಹಳೇ ವಾಲ್ವು" ಎಂದರು. ಆಮೇಲೆ ಊಟಕ್ಕೂ ಬರಲಿಲ್ಲ.

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೊರಬಂದ ಸಂಗತಿ ಇದು. ಲಾಂಡ್ರಿಗೆ ಹೋಗುವ ಹಬೆಯ ಪೈಪು ಮೊದಲು ಬಾಯ್ಲರ್ ಮನೆಯ ನೆಲದಡಿಯ ಸುರಂಗದಲ್ಲಿತ್ತು. ಅದರ ವಾಲ್ವೂ ಅಲ್ಲೇ, ಮೆಟ್ಟಿಲಿಳಿದು ಹೋಗಬೇಕು. ಅಲ್ಲಿ ನೀರು ನಿಂತು ಪೈಪು ತುಕ್ಕು ಹಿಡಿಯಿತೆಂದು ಅಪ್ಪನೇ ಹೊರಗಿನ ವೆಲ್ಡಿಂಗಿನವರನ್ನು ಕರೆಸಿ, ಮೇಲಿನಿಂದ ಹೊಸ ಪೈಪು ಎಳೆಸಿ, ಬಾಯ್ಲರಿನ ಪಕ್ಕದಲ್ಲೇ ಹೊಸ ವಾಲ್ವು ಕೂರಿಸಿದ್ದರು. ಕೂರಿಸಿದ ದಿನ ಅಪ್ಪ ಚಹಾದ ಹೊತ್ತಿಗೆ ಎಲ್ಲರಿಗೂ ಹೇಳಿದರು. ಆ ದಿನಗಳಲ್ಲಿ ಮಾವ ಜ್ವರ ಬಂದು ಮನೆಯಲ್ಲಿ ಮಲಗಿದ್ದರು. ಅವರು ಕೆಲಸಕ್ಕೆ ಮರಳಿದ ಬೆಳಗ್ಗೆಯೇ ಕೈ ಸುಟ್ಟುಕೊಂಡದ್ದು. ಅಪ್ಪನ ಪಾಳಿ ಶುರುವಾಗುವ ಮೊದಲೇ ಬಂದಿದ್ದರು, ರಾತ್ರಿ ಪಾಳಿಯವನು ಬೂದಿ ಸುರಿಯಲು ಹಿಂದಕ್ಕೆ ಹೋಗಿದ್ದ. ಅಪ್ಪ ಬಂದು, ರಾತ್ರಿ ಮುಚ್ಚಿಟ್ಟಿದ್ದ ಹೊಸ ವಾಲ್ವು ನೋಡಿದರು, ಬಟ್ಟೆ ಇರಲಿಲ್ಲ, ತಿರುಗಿಸಿದರು.

ಹಾಗಾದರೆ ಭಾವ ಕಟ್ಟಿದ್ದು ಹಳೆಯದಕ್ಕೋ? ಅವರ ಕೈ ಹಳೆಯ ಕಡೆಗೇ ಹೋಯಿತೋ? ಕೈ ಸುಟ್ಟ ದಿನವೇ ಮಧ್ಯಾಹ್ನ ವೆಲ್ಡಿಂಗಿನವರು ಸುರಂಗದ ಬಾಯಿಗೆ ಕಬ್ಬಿಣದ ತಗಡು ಹಾಸಿ, ಅದರ ಮೇಲೆ ಬಾಯ್ಲರಿಗೆ ನೀರುಣಿಸುವ ದೊಡ್ಡ ಟ್ಯಾಂಕನ್ನು ತಂದು ಕೂರಿಸಿದರು. ಅಪ್ಪ ಆಗ ವಾರ್ಡಿನಲ್ಲಿದ್ದರು. ಆಮೇಲೆ ಕೆಳಗಿಳಿಯುವ ದಾರಿಯೇ ಇರಲಿಲ್ಲ, ಇಳಿಯಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ಕಟ್ಟಿದ್ದೆ ಎಂದವರನ್ನು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆ ಇಬ್ಬರಿಗೂ ಜಾಗ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಕೇಳುವ ಪ್ರಶ್ನೆಯೇ ಅದಲ್ಲ ಅನ್ನಿಸಿರಬೇಕು.

ಹೋಗಿ ಮಾವನನ್ನೇ ಕೇಳಿ, ಒಂದು ಮಾತಲ್ಲಿ ಮುಗಿಯುತ್ತದೆ ಎಂದೆ. ಅಪ್ಪ ಅವರ ಬೀದಿಯ ತಿರುವಿನವರೆಗೂ ಹೋಗಿ ವಾಪಸು ಬಂದರು. ಮರುವಾರ ಇನ್ನೊಮ್ಮೆ ಹೋಗಿ ಬಂದರು. ಹೌದು ಎಂದು ಅವರು ಹೇಳಿದರೂ ತಾನು ನಂಬುತ್ತೇನೋ ಇಲ್ಲವೋ ತನಗೇ ಗೊತ್ತಿಲ್ಲ, ಕಣ್ಣಾರೆ ನೋಡದೆ ಆ ಹೊಸಿಲು ತುಳಿಯಲಾರೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಟ್ಯಾಂಕಿನ ಅಡಿಯಲ್ಲಿರುವುದನ್ನು ಕಣ್ಣಾರೆ ನೋಡುವುದಾದರೂ ಹೇಗೆ?

ಉತ್ತರ ತಂದವನು ಹಳೆಯ ಆಸ್ಪತ್ರೆಯ ಗೇಟಿನ ಕಾವಲುಗಾರ. ಬಾಯಿಗೆ ಬೀಗವಿಲ್ಲದ ಆಸಾಮಿ, ಅವನ ಷರಟು ಪ್ಯಾಂಟು ಹೊಲಿಯುವವಳು ನಾನೇ. ಒಂದು ದಿನ ಮನೆಯ ಮುಂಭಾಗದ ನನ್ನ ಹೊಲಿಗೆ ಅಂಗಡಿಗೆ ಬಂದವನು, ಕಟ್ಟಡ ಕೆಡವುತ್ತಾರಂತೆ, ಗುಜರಿಯವರು ಒಳಗಿನ ಕಬ್ಬಿಣ ಒಂದೊಂದಾಗಿ ಹೊರುತ್ತಿದ್ದಾರೆ, ನಿನ್ನೆ ಬಾಯ್ಲರ್ ಮನೆಯ ನೀರಿನ ಟ್ಯಾಂಕು ತುಂಡು ಮಾಡಿ ಸಾಗಿಸಿದರು ಎಂದು ಹರಟಿದ. ಒಳಗೆ ಪೇಪರ್ ಓದುತ್ತಿದ್ದ ಅಪ್ಪ ಎದ್ದು ಬಂದರು. "ಕೆಳಗಿನ ತಗಡು?" ಎಂದು ಕೇಳಿದರು. ಅದು ನೆಲಕ್ಕೆ ಕಚ್ಚಿಕೊಂಡಿದೆ, ನಾಳೆ ನಾಡಿದ್ದರಲ್ಲಿ ಅದನ್ನೂ ಕೀಳುತ್ತಾರೆ ಎಂದ ಅವನು. ಅಪ್ಪ ನನ್ನ ಕಡೆ ತಿರುಗಿ ಟಾರ್ಚ್ ಎಲ್ಲಿದೆ ಎಂದು ಕೇಳಿದರು.

ಮರುದಿನ ಬೆಳಗ್ಗೆ ನಾವಿಬ್ಬರೂ ಹೋದೆವು. ಅಪ್ಪ ನಿವೃತ್ತರಾದಾಗ ಕಟ್ಟಿಟ್ಟಿದ್ದ ಬೂಟು ಹೊರತೆಗೆದು ಹಾಕಿಕೊಂಡಿದ್ದರು. ಬಾಯ್ಲರ್ ಮನೆಯವರು ಬೂಟಿಗೆ ಲೇಸು ಕಟ್ಟುವುದಿಲ್ಲವಂತೆ, ಕೆಂಡ ಒಳಗೆ ಬಿದ್ದರೆ ಒಂದೇ ಏಟಿಗೆ ಒದ್ದು ತೆಗೆಯಬೇಕಲ್ಲ. ಈಗ ಯಾವ ಕೆಂಡ ಬೀಳುತ್ತದೆ ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕಾವಲುಗಾರ ಹಾರೆಯೊಂದನ್ನು ಹೊತ್ತು ಮುಂದೆ ನಡೆದ.

ರೋಗಿಗಳಿದ್ದ ವಾರ್ಡುಗಳನ್ನು ದಾಟಿ ಹಿಂದಕ್ಕೆ ಹೋದರೆ ಯಂತ್ರಗಳ ಕೋಣೆಗಳು ಸಾಲಾಗಿ ಬರುತ್ತವೆ. ನಾನು ಅವುಗಳನ್ನು ಮೊದಲ ಸಲ ನೋಡಿದ್ದು ಅಂದೇ. ಜನರೇಟರ್ ಇದ್ದ ಕೋಣೆಯಲ್ಲಿ ಜನರೇಟರ್ ಇರಲಿಲ್ಲ, ಅದನ್ನು ಕೂರಿಸಿದ್ದ ಸಿಮೆಂಟ್ ಕಟ್ಟೆ ಮಾತ್ರ ಎಣ್ಣೆ ಕುಡಿದು ಕಪ್ಪಗಾಗಿ ಉಳಿದಿತ್ತು. ಗೋಡೆಯ ಸ್ವಿಚ್ ಬೋರ್ಡುಗಳ ಹೊಟ್ಟೆ ಬಗೆದು ತಾಮ್ರದ ತಂತಿ ಎಳೆದುಕೊಂಡು ಹೋಗಿದ್ದರು. ಅಪ್ಪ ಪ್ರತಿ ಬಾಗಿಲಲ್ಲೂ ಒಂದು ಗಳಿಗೆ ನಿಂತು, ಒಳಗೆ ಯಾರಿಗೋ ನಮಸ್ಕಾರ ಹೇಳುವವರ ಹಾಗೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಲಾಂಡ್ರಿ ಇನ್ನೂ ಲಾಂಡ್ರಿಯ ಹಾಗೇ ಇತ್ತು. ಒಬ್ಬ ಮನುಷ್ಯ ಒಳಗೆ ನಿಲ್ಲುವಷ್ಟು ದೊಡ್ಡ ಒಗೆಯುವ ಡ್ರಮ್ಮುಗಳು, ಬಾಯಿ ತೆರೆದು ಸಾಲಾಗಿ ನಿಂತಿದ್ದವು. ಒಂದರೊಳಗೆ ಪಾರಿವಾಳ ಗೂಡು ಕಟ್ಟಿತ್ತು. ಹೊದಿಕೆ ಇಸ್ತ್ರಿ ಮಾಡುವ ಉದ್ದನೆಯ ಉರುಳೆಗೆ ಸುತ್ತಿದ್ದ ಬಟ್ಟೆ ಹಳದಿಯಾಗಿ ಕಳಚಿ ನೆಲಕ್ಕೆ ಜೋತಿತ್ತು. ಅಪ್ಪ ಗೋಡೆಯ ಒಂದು ಮೂಲೆಗೆ ಹೋಗಿ ಅಲ್ಲಿನ ಪೈಪಿನ ಜೋಡಣೆಯನ್ನು ತೋರಿಸಿದರು. ಮಾವ ಕೈ ಇಟ್ಟಿದ್ದು ಅಲ್ಲಿ. ಹೊಸ ಪೈಪು ಗೋಡೆಯ ಹೊರಗೇ ಹಳೆಯದಕ್ಕೆ ಸೇರಿಕೊಂಡಿತ್ತು, ಆದ್ದರಿಂದ ಒಳಗೆ ಕೂತು ಕೆಲಸ ಮಾಡುವವರಿಗೆ ಏನೂ ಬದಲಾದಂತೆ ಕಾಣುತ್ತಿರಲಿಲ್ಲ. ಅಪ್ಪ ಅದನ್ನು ಅಂದೇ ಗಮನಿಸಿದವರಂತೆ ಗೋಡೆಯ ಆಚೆಗೂ ಈಚೆಗೂ ಹೋಗಿ ಹೋಗಿ ನೋಡಿದರು. ಅವರ ಮುಖ ಆಗಲೇ ಅರ್ಧ ಇಳಿದಿತ್ತು.

ಬಾಯ್ಲರ್ ಮನೆಯ ಚಾವಣಿಯ ತಗಡುಗಳು ಅಲ್ಲಲ್ಲಿ ಹಾರಿಹೋಗಿ ಒಳಗೆ ಬಿಸಿಲು ತುಂಡು ತುಂಡಾಗಿ ಬಿದ್ದಿತ್ತು. ಎರಡು ಬಾಯ್ಲರುಗಳು ತುಕ್ಕಿನ ಚೂರು ಉದುರಿಸುತ್ತ ಮಲಗಿದ್ದವು. ಪೈಪುಗಳಿಗೆ ಮೆತ್ತಿದ್ದ ಬಿಳಿ ಗಾರೆ ಒಡೆದು, ಅದರ ಸುತ್ತಿನ ಗೋಣಿ ಬಟ್ಟೆ ಚಿಂದಿಯಾಗಿ ತೂಗುತ್ತಿತ್ತು. ಒಲೆಯ ಬಾಯಿಯಲ್ಲಿ, ಬೂದಿಯ ಮೇಲೆ, ಯಾವುದೋ ಗಿಡ ಹುಟ್ಟಿ ಬೆಳಕಿನ ಕಡೆಗೆ ಕತ್ತು ಚಾಚಿತ್ತು. ಮೇಲೆ ನೋಡಿದರೆ ಪೈಪುಗಳ ಕಾಡು. ಅದರಲ್ಲಿ ಹೊಸದೊಂದು ಸೇರಿಕೊಂಡರೆ ಬೆಳಗಿನ ಮಬ್ಬಿನಲ್ಲಿ ಬಂದವರಿಗೆ ಗೊತ್ತಾಗುವುದು ಹೇಗೆ? ಅಪ್ಪ ಒತ್ತಡ ತೋರಿಸುವ ಗಡಿಯಾರದ ಗಾಜನ್ನು ಅಂಗೈಯಿಂದ ಒರೆಸಿ, ಅಭ್ಯಾಸಬಲದಿಂದ ಬೆರಳಲ್ಲಿ ಎರಡು ಸಲ ತಟ್ಟಿದರು. ಆಮೇಲೆ ನಾಚಿಕೆಯಾದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು.

ತಗಡು ಟ್ಯಾಂಕಿದ್ದ ಜಾಗದಲ್ಲಿ ನೆಲಕ್ಕೆ ಅಂಟಿಕೊಂಡಿತ್ತು. ಕಾವಲುಗಾರ ಹಾರೆ ತೂರಿಸಿದ, ನಾನು ಅವನ ಜೊತೆ ಭಾರ ಹಾಕಿದೆ, ಅಪ್ಪ ಬೇಡವೆಂದರೂ ಕೇಳದೆ ಕೈ ಜೋಡಿಸಿದರು. ಅದು ಕಿರುಗುಟ್ಟಿ ಮೇಲೆದ್ದಾಗ ಕೆಳಗಿನಿಂದ ಕೊಳೆತ ನೀರಿನ ವಾಸನೆ ಗಪ್ಪೆಂದು ಬಂತು. ಕಾವಲುಗಾರ ಮೂಗು ಮುಚ್ಚಿಕೊಂಡು ಹೊರಗೆ ನಡೆದ. ಕೆಳಗೆ ಮೆಟ್ಟಿಲುಗಳು ಕಾಣುತ್ತಿದ್ದವು.

ನಾನು ಮುಂದೆ ಇಳಿದೆ. ಹಾವು ಗೀವು ಇದ್ದರೆ ನನ್ನನ್ನೇ ಕಚ್ಚಲಿ ಎಂಬ ತ್ಯಾಗವೇನಲ್ಲ, ಅಪ್ಪನ ಮಂಡಿ ಕೈ ಕೊಟ್ಟರೆ ಹಿಡಿಯಲು ಕೆಳಗೆ ಒಬ್ಬರು ಬೇಕಿತ್ತು. ಹಿಮ್ಮಡಿ ಮುಳುಗುವಷ್ಟು ನೀರಿತ್ತು. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಇಳಿದರು. ಟಾರ್ಚ್ ನನ್ನ ಕೈಯಲ್ಲಿತ್ತು. ಯಾವ ಕಡೆ ಎಂದು ಕೇಳಿದೆ. ಎಡಕ್ಕೆ, ಎದೆಯ ಎತ್ತರಕ್ಕೆ ಎಂದರು. ಬೆಳಕು ಹಿಡಿದೆ.

ಚಕ್ರ ಅಲ್ಲಿತ್ತು. ಅದಕ್ಕೆ ಒಂದು ಬಟ್ಟೆ ಕಟ್ಟಿತ್ತು.

ಮಸಿ, ತುಕ್ಕು, ಬೂಷ್ಟು ಎಲ್ಲ ಮೆತ್ತಿಕೊಂಡು ಅದರ ಬಣ್ಣವೇ ತಿಳಿಯುತ್ತಿರಲಿಲ್ಲ. ಬೆರಳಲ್ಲಿ ಒಂದಿಷ್ಟು ಉಜ್ಜಿದೆ, ಗಂಟಿನ ಮಡಿಕೆಯೊಳಗೆ ನೀಲಿ ಇತ್ತು. ಪಟ್ಟಿಯ ತುದಿಯನ್ನು ತಿರುಗಿಸಿ ನೋಡಿದೆ. ಅಂಚನ್ನು ಒಳಕ್ಕೆ ಮಡಿಸಿ ಓರೆಯಾಗಿ ಹೊಲಿದು, ಕೊನೆಯಲ್ಲಿ ಗಂಟು ಹಾಕದೆ, ಹಿಂದಕ್ಕೆ ಹಿಂದಕ್ಕೆ ಹೊಲಿದು ದಾರ ಮುಗಿಸುವುದು ಅತ್ತೆಯ ಪದ್ಧತಿ. ಗಂಟು ಹಾಕಿದರೆ ಕೈಗೆ ಒತ್ತುತ್ತದೆ ಎನ್ನುತ್ತಿದ್ದಳು. ನಾನು ಇವತ್ತಿಗೂ ಹಾಗೆಯೇ ಹೊಲಿಯುವುದು. ಆ ಕತ್ತಲಲ್ಲಿ, ಆ ಕೊಳೆನೀರಿನಲ್ಲಿ ನಿಂತು ನನಗೆ ಜೋರಾಗಿ ಅಳಬೇಕೆನ್ನಿಸಿತು.

ಅಪ್ಪ ಅಳಲಿಲ್ಲ. ಗೋಡೆಗೆ ಒರಗಿ ನಿಂತು, "ಕಟ್ಟಿದ್ರು" ಎಂದರು. ಮತ್ತೊಮ್ಮೆ ಅದನ್ನೇ ಹೇಳಿದರು.

ನನ್ನ ಚೀಲದಲ್ಲಿ ಕತ್ತರಿ ಯಾವಾಗಲೂ ಇರುತ್ತದೆ. ಬಟ್ಟೆ ಕತ್ತರಿಸಿಕೊಂಡು ನೇರ ಅತ್ತೆಯ ಮನೆಗೆ ಹೋಗೋಣ, ಮೇಜಿನ ಮೇಲೆ ಇಡೋಣ, ಈ ಪೀಡೆ ಇವತ್ತಿಗೇ ತೊಲಗಲಿ ಎಂದು ಕತ್ತರಿ ತೆಗೆದೆ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು. ಚಿಕ್ಕಂದಿನಿಂದ ಅವರು ನನ್ನನ್ನು ಅಷ್ಟು ಬಿಗಿಯಾಗಿ ಹಿಡಿದದ್ದು ನೆನಪಿಲ್ಲ.

"ಮುಟ್ಟಬೇಡ. ಕಟ್ಟಿದೋರೇ ಬಿಚ್ಚಬೇಕು."

"ಅಪ್ಪಾ, ಇಲ್ಲಿ ಹಬೆ ಎಲ್ಲಿದೆ? ನಾಳೆ ಗುಜರಿಯವರು ಬಂದು ಚಕ್ರದ ಸಮೇತ ಕಿತ್ಕೊಂಡು ಹೋಗ್ತಾರೆ."

"ಹಾಗಾದ್ರೆ ಇವತ್ತೇ ಕರ್ಕೊಂಡು ಬರಬೇಕು" ಎಂದರು.

ಎರಡು ಸಲ ಬೀದಿಯ ತಿರುವಿನಿಂದಲೇ ಹಿಂತಿರುಗಿದ್ದ ಮನುಷ್ಯ ಅಂದು ಒದ್ದೆ ಬೂಟಿನಲ್ಲಿ ಎಲ್ಲೂ ನಿಲ್ಲದೆ ನಡೆದರು. ನಾನು ಹಿಂದೆ ಓಡಬೇಕಾಯಿತು. ಬಾಗಿಲು ತೆರೆದವಳು ಅತ್ತೆ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. ತಮ್ಮನ ಮುಖ ನೋಡಿದಳು, ಬೂಟು ನೋಡಿದಳು, ಬಾಗಿಲನ್ನು ಮುಚ್ಚಲೂ ಇಲ್ಲ, ಒಳಗೆ ಕರೆಯಲೂ ಇಲ್ಲ. ಅಪ್ಪ ದಾರಿಯುದ್ದಕ್ಕೂ ಏನೇನೋ ಗೊಣಗಿ ತಯಾರು ಮಾಡಿಕೊಂಡಿದ್ದ ಮಾತುಗಳೆಲ್ಲ ಅಲ್ಲಿ ಕೈಕೊಟ್ಟವು.

"ಅಕ್ಕ, ಭಾವ ಕಟ್ಟಿದ ಬಟ್ಟೆ ಇನ್ನೂ ಹಾಗೇ ಇದೆ. ಬಿಚ್ಚೋಕೆ ಕರೀತಾ ಇದೀನಿ" ಎಂದರು.

ಒಳಗಿನಿಂದ ಕುರ್ಚಿ ಸರಿದ ಸದ್ದಾಯಿತು. ಮಾವ ಬಂದು ಅತ್ತೆಯ ಹಿಂದೆ ನಿಂತರು. ಬಲಗೈಯನ್ನು ಯಾವಾಗಲೂ ಜೇಬಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವರಿಗಾಗಿತ್ತು, ಆಗಲೂ ಅದು ಜೇಬಿನಲ್ಲೇ ಇತ್ತು. ಅಪ್ಪನ ಮೇಲೆ ಕೂಗಾಡುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಒಂದೇ ಒಂದು ಮಾತು.

"ಎಲ್ಲಿ?"

"ಕೆಳಗೆ. ಸುರಂಗದ ವಾಲ್ವಲ್ಲಿ."

"ಲಾಂಡ್ರಿ ಪೈಪಿಗೆ ಅಲ್ಲಿ ಬಿಟ್ಟು ಇನ್ನೆಲ್ಲಿ ಕಟ್ತಾರೆ?"

"ನಾನು ಅದನ್ನ ಬದಲಾಯಿಸಿದ್ದೆ, ಭಾವ. ಮೇಲೆ ಹೊಸದು ಹಾಕ್ಸಿದ್ದೆ. ಎಲ್ಲರಿಗೂ ಹೇಳ್ದೆ. ನಿಮಗೆ ಹೇಳಲಿಲ್ಲ."

ಮಾವ ಬಾಗಿಲ ಚೌಕಟ್ಟಿಗೆ ಎಡಗೈ ಊರಿ ನಿಂತರು. ಅವರ ಕಣ್ಣು ನಮ್ಮನ್ನು ದಾಟಿ ರಸ್ತೆಯಲ್ಲೆಲ್ಲೋ ಇತ್ತು. ಆ ಬೆಳಗನ್ನು ಮೊದಲಿನಿಂದ ಮತ್ತೊಮ್ಮೆ ನಡೆದು ನೋಡುತ್ತಿದ್ದರೇನೋ. ಆಮೇಲೆ ಮೆಲ್ಲಗೆ ಹೇಳಿದರು:

"ನಾನು ಹೋದಾಗ ವಾಲ್ವು ಆಗಲೇ ಮುಚ್ಚಿತ್ತು. ಜ್ವರದಿಂದ ಎದ್ದು ಬಂದಿದೀನಿ, ಚಕ್ರ ತಿರುಗಿಸೋಕೆ ಕಷ್ಟ ಆಗುತ್ತೆ ಅಂತ ನೀನೇ ನಂಗೋಸ್ಕರ ಮುಚ್ಚಿಟ್ಟಿದೀಯ ಅಂದ್ಕೊಂಡೆ. ಬಟ್ಟೆ ಕಟ್ಟಿ ಖುಷಿಯಾಗಿ ಹೋದೆ."

ಅಪ್ಪನಿಗೆ ತಡೆಯಲಾಗಲಿಲ್ಲ. ಬಾಯ್ಲರಿನ ಮುಂದೆ ಇಡೀ ಆಯಸ್ಸು ಕಳೆದ ಮನುಷ್ಯ ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಬಿಕ್ಕಿದರು. ಅತ್ತೆ ಬಗ್ಗಿ ಅವರ ಬೂಟು ಎಳೆದು ತೆಗೆದಳು. ಒದ್ದೆ ಕಾಲಲ್ಲಿ ಓಡಾಡಿದರೆ ನಿನಗೆ ಕೆಮ್ಮು ಬರುತ್ತದೆಂದು ಎಷ್ಟು ಸಲ ಹೇಳಬೇಕು ಎಂದು ಬೈದಳು. ಬೈಗುಳ ನಿನ್ನೆ ಮೊನ್ನೆಯಷ್ಟೇ ನಿಲ್ಲಿಸಿದ್ದನ್ನು ಮುಂದುವರಿಸಿದಂತಿತ್ತು. ನಾನು ಅಷ್ಟು ಹೊತ್ತು ತಡೆದುಕೊಂಡಿದ್ದನ್ನು ಅವಳ ಹೆಗಲ ಮೇಲೆ ಸುರಿದೆ.

ಅಂದು ಮಧ್ಯಾಹ್ನವೇ ನಾಲ್ವರೂ ಹೋದೆವು. ಅತ್ತೆ ಮೇಲೆ ನಿಂತಳು, ಉಳಿದ ನಾವು ಮೂವರು ಇಳಿದೆವು. ನಾನು ಟಾರ್ಚ್ ಹಿಡಿದೆ. ಮಾವ ಬಟ್ಟೆಯ ಹತ್ತಿರ ಬಗ್ಗಿದರು. ಎಡಗೈಯಿಂದ ಗಂಟನ್ನು ಹಿಡಿದು ಎಳೆದರು, ಉಗುರಿನಿಂದ ಕೆದಕಿದರು. ಅಷ್ಟು ಕಾಲದ ತೇವ ಮತ್ತು ತುಕ್ಕು ಕುಡಿದು ಗಂಟು ಮರದಂತಾಗಿತ್ತು. ಒಂದೇ ಕೈಗೆ ಅದು ಬಗ್ಗುವ ಹಾಗಿರಲಿಲ್ಲ. ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದರು. ಸಹಾಯಕ್ಕೆ ಮುಂದಾಗಲಿಲ್ಲ, ಆಗುವಂತಿಲ್ಲವಲ್ಲ. ನೋಡುತ್ತಿದ್ದ ನನಗೇ ಬೆರಳು ತುರಿಸುತ್ತಿದ್ದವು.

ಕೊನೆಗೆ ಮಾವ ಉಸಿರು ಬಿಟ್ಟು ಪಕ್ಕಕ್ಕೆ ಸರಿದರು. "ನನ್ನ ಕೈಲಾಗಲ್ಲ. ನೀನು ಬಿಚ್ಚು."

"ಕಟ್ಟಿದೋರೇ..." ಎಂದರು ಅಪ್ಪ.

"ಕಟ್ಟುಪಾಡು ನಿಂಗೆ ಹೇಳ್ಕೊಟ್ಟೋನೇ ನಾನು. ಕಟ್ಟಿದೋನು ಎದುರಿಗೇ ನಿಂತು ಹೇಳ್ತಿದೀನಲ್ಲ, ಬಿಚ್ಚು."

ಅಪ್ಪ ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಬಂದರು. ಬಹಳ ಹೊತ್ತು ಹಿಡಿಯಿತು. ಗಂಟು ಸ್ವಲ್ಪ ಸ್ವಲ್ಪವೇ ಸಡಿಲಿತು, ಅತ್ತೆಯ ಹೊಲಿಗೆ ಮಾತ್ರ ಎಲ್ಲೂ ಬಿಡಲಿಲ್ಲ. ಪಟ್ಟಿಯ ಕೊನೆಯ ಸುತ್ತು ಇನ್ನೂ ಚಕ್ರದ ಮೇಲಿರುವಾಗ ಅಪ್ಪ ನಿಲ್ಲಿಸಿದರು. ಫ್ಯಾನಿಗೂ ನಲ್ಲಿಗೂ ದಿನಕ್ಕೆ ಹತ್ತು ಸಲ ಕೇಳುವ ಆ ಪ್ರಶ್ನೆ ಮೊದಲ ಸಲಕ್ಕೆ ಹೊರಡಲೇ ಇಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು.

"ಕೈ ಆಚೆ ಇದೆಯಾ?"

ಮಾವ ಬಲಗೈಯನ್ನು ಜೇಬಿನಿಂದ ಹೊರತೆಗೆದರು. ಬೆರಳುಗಳು ಅಂಟಿಕೊಂಡು ಮುದುಡಿದ್ದ ಆ ಕೈಯನ್ನು ಅಪ್ಪನ ಮುಖದ ಮುಂದೆ, ಟಾರ್ಚಿನ ಬೆಳಕಿಗೆ ಹಿಡಿದರು.

"ಆಚೆ ಇದೆ" ಎಂದರು.